ಮೊಲ ಬಿಡುವ ಹಬ್ಬಕ್ಕೆ ಅಡ್ಡ ನಿಂತ ಶಶಿಕಲಾ

ನಮ್ಮೂರಿನಲ್ಲಿ ಈಗ ಶಶಿಕಲಾಳನ್ನು ಕಂಡರೆ ‘ದೇವರ ಮೊಲ ಕದ್ದವಳು’ ಅನ್ನುತ್ತಾರೆ. ಅವಳು ಕದ್ದಿಲ್ಲ. ಹಾಡುಹಗಲಲ್ಲಿ, ತಮಟೆ ಬಡಿಯುತ್ತಿರುವಾಗ, ಊರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಾಗ ಎತ್ತಿಕೊಂಡಳು. ಅದನ್ನು ಕಳ್ಳತನ ಅನ್ನುವ ಬಾಯಿಗಳನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲಿ ನಾನೂ ಇದ್ದೆ. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಒಂದು ಮಾತು ಕೂಡಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ.

ನಮ್ಮೂರು ಇರುವುದು ಚಿಕ್ಕಬಾಣಾವರದ ರೈಲು ನಿಲ್ದಾಣ ದಾಟಿ ಆಚೆಗೆ. ಊರು ಅನ್ನುವುದು ಹೆಸರಿಗೆ ಮಾತ್ರ. ರಾಗಿ ಹೊಲದ ಮೇಲೆ ಶೆಡ್ಡುಗಳು ಎದ್ದಿವೆ, ಹುರುಳಿ ಹೊಲದ ಮೇಲೆ ಲೇಔಟು ಬಿದ್ದಿದೆ. ದೇವಸ್ಥಾನ, ಅದರ ಮುಂದಿನ ಅರಳಿಕಟ್ಟೆ, ಅರ್ಧ ಬತ್ತಿದ ಕೆರೆ, ಇಷ್ಟು ಉಳಿದಿದೆ. ಶಶಿಕಲಾ ನಮ್ಮ ಬೈರಪ್ಪನ ಮಗಳು. ನನ್ನ ಮನೆಯ ಹಿಂಬದಿಯ ಶೀಟಿನ ಮನೆ ಅವಳದು, ನೆರೆಯವಳಾದ ನನ್ನನ್ನು ಅತ್ತೆ ಅನ್ನುತ್ತಾಳೆ. ಹೆಬ್ಬಗೋಡಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ಜಗಳವಾಡಲಿಲ್ಲ, ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು. ಆಮೇಲೆ ಅಪ್ಪ ಅಮ್ಮ ಇಬ್ಬರೂ ಹೋದರು. ಊರಿನಲ್ಲಿ ಅವಳಿಗೆ ಉಳಿದ ಪಾಲು ಒಂದೇ. ಕಾರ್ತಿಕ ಮಾಸದಲ್ಲಿ ದೇವಸ್ಥಾನದ ದೀಪ ಹಚ್ಚಲು ಒಂದೊಂದು ಮನೆಗೆ ಒಂದೊಂದು ಸೋಮವಾರದ ಸರದಿ ಇದೆ. ಬೈರಪ್ಪನ ಸರದಿಯನ್ನು ಮಗಳು ನಡೆಸಿಕೊಂಡು ಬಂದಿದ್ದಳು. ಆ ಸೋಮವಾರ ಅವಳು ತಲೆಗೆ ನೀರು ಹಾಕಿಕೊಂಡು, ಎಣ್ಣೆ ಗಿಂಡಿ ಹಿಡಿದು ಹೋಗುವುದನ್ನು ನೋಡಬೇಕು. ಮದುವಣಗಿತ್ತಿ ಕೂಡ ಅಷ್ಟು ಬಿಂಕದಿಂದ ನಡೆಯುವುದಿಲ್ಲ.

ಅವಳ ಕೆಲಸ ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ತರಕಾರಿ ಹೆಚ್ಚುವುದು. ಒಂದು ದಿನ ಅಲ್ಲಿನ ಆಫೀಸಿನವನೊಬ್ಬ ರಟ್ಟಿನ ಡಬ್ಬ ತಂದು ಅಡುಗೆಯವನ ಮುಂದೆ ಇಟ್ಟನಂತೆ. ಒಳಗೆ ಎರಡು ಮೊಲ, ಒಂದು ಬಿಳಿ, ಒಂದು ಬೂದಿ ಬಣ್ಣ. ಮಗನ ಹುಟ್ಟುಹಬ್ಬಕ್ಕೆ ತಂದದ್ದು, ಮಗನಿಗೆ ಸಾಕಾಯಿತು.

“ಸಾರು ಮಾಡ್ಬಿಡಿ, ಎಲ್ರೂ ತಿನ್ನಿ,” ಅಂದನಂತೆ.

ಶಶಿಕಲಾ ಈಳಿಗೆಮಣೆಯಿಂದ ಎದ್ದವಳೇ ಡಬ್ಬ ಎತ್ತಿಕೊಂಡಳು. “ನಿಮ್ಮ ಮಗಂಗೆ ಬೇಜಾರಾದ್ರೆ ನಮಗೆ ಸಾರಾ ಸಾರ್? ನಾಳೆ ಅವನಿಗೆ ನೀವು ಬೇಜಾರಾದ್ರೆ?” ಅಂದಳಂತೆ. ಅಡುಗೆಯವನು ಸೌಟು ಬಿಟ್ಟು ನಕ್ಕನಂತೆ.

ಬಿಳಿಯದಕ್ಕೆ ಬೆಣ್ಣೆ ಎಂದು ಹೆಸರಿಟ್ಟಳು. ಇನ್ನೊಂದಕ್ಕೆ ಬೂದ. ಮೊಲಕ್ಕೆ ಕೂಗಿಲ್ಲ, ಬೊಗಳಿಲ್ಲ, ಅದರ ಪ್ರೀತಿ ನಮಗೆ ಹೇಗೆ ತಿಳಿಯಬೇಕು ಅಂದುಕೊಂಡಿದ್ದೆ. ತಿಳಿಯುತ್ತದೆ. ಸಂಜೆ ಅವಳ ಚಪ್ಪಲಿ ಸದ್ದು ಕೇಳಿದರೆ ಬೆಣ್ಣೆ ಹಿಂಗಾಲಿನಿಂದ ನೆಲ ಗುದ್ದುತ್ತಿತ್ತು. ಅವಳು ಕೂತ ತಕ್ಷಣ ಬಂದು ಗಲ್ಲವನ್ನು ಅವಳ ಪಾದದ ಮೇಲೆ ಇಟ್ಟು ಕಣ್ಣು ಅರೆ ಮುಚ್ಚುತ್ತಿತ್ತು. ಬೂದ ನಾಚಿಕೆಯವನು, ಬೆಣ್ಣೆಯ ಬೆನ್ನಿಗೆ ಅಂಟಿಕೊಂಡೇ ಇರುತ್ತಿದ್ದ. ಕ್ಯಾಂಟೀನಿನಲ್ಲಿ ನಡೆದದ್ದನ್ನೆಲ್ಲ ಅವಳು ಅವುಗಳಿಗೆ ಹೇಳುತ್ತಿದ್ದಳು. ಗೋಡೆಯ ಈಚೆ ಕೂತು ನಾನೂ ಕೇಳುತ್ತಿದ್ದೆ.

ಈಗ ಹಬ್ಬದ ವಿಷಯ ಹೇಳಬೇಕು.

ನಾನು ಸೊಸೆಯಾಗಿ ಬಂದ ಕಾಲದಲ್ಲಿ ನಮ್ಮೂರಿನಲ್ಲಿ ಸಂಕ್ರಾಂತಿಗೆ ಮೊಲ ಬಿಡುವ ಪದ್ಧತಿ ಇತ್ತು. ಗಂಡಸರು ಹುರುಳಿ ಹೊಲಕ್ಕೆ ಬಲೆ ಕಟ್ಟಿ ಒಂದು ಮೊಲವನ್ನು ಜೀವಂತ ಹಿಡಿದು ತರುತ್ತಿದ್ದರು. ದೇವರ ಮುಂದೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಿವಿಗೆ ತಾಮ್ರದ ಓಲೆ ಚುಚ್ಚಿ, ಊರ ಗಡಿಕಲ್ಲಿನ ಹತ್ತಿರ ಬಿಡುತ್ತಿದ್ದರು. ಓಲೆಯಿರುವ ಮೊಲ ದೇವರದು, ಅದನ್ನು ಯಾರೂ ಮುಟ್ಟುವಂತಿಲ್ಲ, ಬೇಟೆಯಲ್ಲಿ ಸಿಕ್ಕರೂ ಬಿಡಬೇಕು. ಅದು ಹೊಲದ ಮೊಲ. ಮಣ್ಣಿನ ಬಣ್ಣ, ಬಿಲ್ಲಿನಂಥ ಹಿಂಗಾಲು. ಕೈ ಬಿಟ್ಟರೆ ಕಣ್ಣಿಗೆ ಕಾಣಿಸುತ್ತಿರಲಿಲ್ಲ, ಧೂಳು ಮಾತ್ರ ಕಾಣಿಸುತ್ತಿತ್ತು. ಹಿಡಿದದ್ದನ್ನು ಅದರ ಮನೆಗೇ ಬಿಡುವ ಹಬ್ಬ ಅದು.

ಹೊಲ ಹೋಯಿತು, ಮೊಲ ಹೋಯಿತು, ಹಬ್ಬವೂ ನಿಂತಿತ್ತು. ನಿಂತದ್ದನ್ನು ಎಬ್ಬಿಸಿದವನು ಬೈರಪ್ಪನ ಅಣ್ಣ ನರಸಿಂಹಯ್ಯ, ಶಶಿಕಲಾಗೆ ದೊಡ್ಡಪ್ಪ. ಜಮೀನು ಮಾರಿದ ಮೇಲೆ ಅವನಿಗೆ ಸಂಪ್ರದಾಯದ ಹುಚ್ಚು ಹಿಡಿಯಿತು. ಮೊಲ ಇರುವ ಹೊಲವನ್ನೇ ಮಾರಿದವನಿಗೆ ಮೊಲದ ಹಬ್ಬ ಬೇಕಾಯಿತು! ಹೊಲದ ಮೊಲ ಎಲ್ಲಿಂದ ತರಬೇಕು? ಅಂಗಡಿಯಲ್ಲಿ ಪಂಜರದೊಳಗೆ ಹುಟ್ಟಿ ಬೆಳೆದ ಬಿಳಿ ಮೊಲ ಸಿಗುತ್ತದಲ್ಲ. ಮೊಲ ಅಂದರೆ ಮೊಲ. ಓಲೆ ಚುಚ್ಚಿದರು, ತಮಟೆ ಬಡಿದರು, ಬಿಟ್ಟರು. ಎಲ್ಲರೂ ಎಳ್ಳು ಬೆಲ್ಲ ತಿಂದು ಮನೆಗೆ ಹೋದರು. ಬಿಟ್ಟ ಮೊಲ ಏನಾಯಿತು ಅಂತ ತಿರುಗಿ ನೋಡಿದವರು ಯಾರೂ ಇಲ್ಲ.

ಮರುವರ್ಷ ನರಸಿಂಹಯ್ಯ ಶಶಿಕಲಾಳ ಬಾಗಿಲಿಗೆ ಬಂದ.

“ಏನಮ್ಮಿ, ಮನೇಲಿ ಎರಡೆರಡು ಮೊಲ ಮಡಿಕ್ಕೊಂಡು ಕುಂತಿದೀಯ. ದೇವ್ರಿಗೆ ಒಂದ್ ಕೊಡಕ್ಕಾಗಕಿಲ್ವಾ?”

“ದೇವರು ಅದನ್ನ ನೋಡ್ಕೊತಾನಾ ದೊಡ್ಡಪ್ಪ?”

“ನಿನ್ಗಿಂತ ಚೆಂದಾಗ್ ನೋಡ್ಕೊತಾನೆ ಬುಡು. ಬೈರ ಇದ್ದಿದ್ರೆ ಕೇಳುಸ್ಕೊಳದೇ ಬ್ಯಾಡ, ಅವ್ನೇ ಎತ್ಕೊಂಡ್ ಬರೋನು.”

ಅಪ್ಪನ ಹೆಸರು ಎತ್ತಿದರೆ ಅವಳು ಮೇಣ. ಬೆಣ್ಣೆಗೆ ಮೈ ಒರೆಸಿ, ಕೊರಳಿಗೆ ಸೇವಂತಿಗೆ ಹೂವಿನ ಸರ ಹಾಕಿ, ತಾನೇ ಮಡಿಲಲ್ಲಿಟ್ಟುಕೊಂಡು ಹೋದಳು. ಕಿವಿ ಚುಚ್ಚುವಾಗ ಕಣ್ಣು ಮುಚ್ಚಿಕೊಂಡಳು. ತನ್ನ ಮೊಲ ದೇವರ ಮೊಲವಾಯಿತು ಎಂದು ಅಂದು ಅವಳ ಮುಖದಲ್ಲಿದ್ದ ಕಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಬೆಳಗಾದ ಮೇಲೆ ಕೊತ್ತಂಬರಿ ಕಡ್ಡಿ ಸೆರಗಿನಲ್ಲಿ ಕಟ್ಟಿಕೊಂಡು, “ಕೂಗಿದ್ರೆ ಬರತ್ತೆ ಅತ್ತೆ, ಹೇಗಿದೆ ನೋಡ್ಕೊಂಡು ಬರ್ತೀನಿ,” ಅಂದಳು. ನಾನೂ ಜೊತೆಗೆ ಹೋದೆ. ಕೆರೆ ಅಂಗಳದಲ್ಲಿ ಕೋಳಿ ಅಂಗಡಿಯವರು ಕಸ ಸುರಿಯುತ್ತಾರೆ, ಅಲ್ಲಿ ನಾಯಿಗಳ ಹಿಂಡೇ ಇದೆ. ಲಂಟಾನದ ಪೊದೆಯ ಬುಡದಲ್ಲಿ ಬಿಳಿ ತುಪ್ಪಳ ಚೆಲ್ಲಿತ್ತು. ಹೂವಿನ ದಾರ ಇತ್ತು. ಆಮೇಲೆ ಕಿವಿ, ಓಲೆಯ ಸಮೇತ. ಗಡಿಕಲ್ಲಿನಿಂದ ಅಲ್ಲಿಗೆ ಕಲ್ಲೆಸೆಯುವಷ್ಟು ದೂರವೂ ಇಲ್ಲ. ಅಷ್ಟೂ ಓಡಲಾಗಿಲ್ಲ ಅದಕ್ಕೆ. ಓಡುವುದನ್ನು ಅದಕ್ಕೆ ಯಾರು ಕಲಿಸಿದ್ದರು? ನಾಯಿ ಅಂದರೆ ಏನು ಎಂದು ಅದಕ್ಕೆ ಯಾರು ಹೇಳಿದ್ದರು?

ಆ ಕಿವಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ನೇರ ದೊಡ್ಡಪ್ಪನ ಮನೆಗೆ ಹೋಗಿ ತೋರಿಸಿದಳು. ಅವನು ಕಾಫಿ ಕುಡಿಯುತ್ತಿದ್ದ.

“ದೇವ್ರು ಕರ್ಕೊಂಡ, ಒಳ್ಳೇದಾಯ್ತು ಬುಡಮ್ಮಿ,” ಅಂದ. ಲೋಟ ಕೂಡ ಕೆಳಗಿಡಲಿಲ್ಲ.

ದೇವರು ಕರೆದುಕೊಂಡನಂತೆ! ದೇವರಿಗೆ ಕೋರೆಹಲ್ಲು ಇದೆಯೇನು? ತಾವು ಮಾಡಿದ ಕೊಲೆಗೆ ದೇವರ ಹೆಸರು ಬರೆಯುವವರನ್ನು ನಾನು ಈ ವಯಸ್ಸಿನಲ್ಲೂ ಸಹಿಸಲಾರೆ.

ಬೂದ ಅಂದಿನಿಂದ ಹುಲ್ಲು ಮೂಸಲಿಲ್ಲ. ಮೂಲೆಗೆ ಮುಖ ಮಾಡಿ ಕೂತ. ಕ್ಯಾಂಟೀನಿನಲ್ಲಿ ಯಾರೋ ಹೇಳಿದರೆಂದು ಅವಳು ಅವನನ್ನು ಬುಟ್ಟಿಯಲ್ಲಿಟ್ಟುಕೊಂಡು ಸೀತಾ ಮೇಡಂ ಹತ್ತಿರ ಹೋದಳು. ಅವರು ಸರ್ಕಾರಿ ಕಾರ್ಖಾನೆಯಲ್ಲಿದ್ದು ನಿವೃತ್ತಿಯಾದವರು. ರೈಲು ಹಳಿಯ ಆಚೆ ಹಳೆಯ ಶೆಡ್ಡೊಂದರಲ್ಲಿ ಗಾಯಗೊಂಡ, ಬೀದಿಗೆ ಬಿಟ್ಟ ಪ್ರಾಣಿಗಳನ್ನು ಸಾಕುತ್ತಾರೆ. ಲಾರಿಗೆ ಸಿಕ್ಕ ನಾಯಿಗಳು, ಗಾಳಿಪಟದ ದಾರಕ್ಕೆ ರೆಕ್ಕೆ ಕತ್ತರಿಸಿಕೊಂಡ ಹದ್ದು, ಒಂದು ಕುರುಡು ಕರು. ಒಂದು ಮೂಲೆಯಲ್ಲಿ ಮೊಲಗಳು, ಎಲ್ಲವೂ ಅಪಾರ್ಟ್‌ಮೆಂಟಿನವರು ಬಿಟ್ಟು ಹೋದವು.

“ಇವು ಜೊತೆಗಾರನ್ನ ಕಳ್ಕೊಂಡ್ರೆ ಊಟ ಬಿಟ್ಬಿಡ್ತವೆ ಕಣ್ರೀ. ಒಂಟಿಯಾಗಿ ಇಡ್ಬೇಡಿ,” ಅಂದು ಮೇಡಂ ಬೂದನನ್ನು ಕುಂಟುಕಾಲಿನ ಒಂದು ಕಂದು ಮೊಲದ ಪಕ್ಕದ ಗೂಡಿನಲ್ಲಿಟ್ಟರು. ನಡುವೆ ಜಾಲರಿ. ಕೆಲವು ದಿನ ಕಳೆದ ಮೇಲೆ ಅವು ಜಾಲರಿಯ ಆಚೆ ಈಚೆ ಮೈ ತಾಗಿಸಿ ಮಲಗಿದವು. ಬೂದ ಗರಿಕೆ ಕಡಿದ. ಶಶಿಕಲಾ ಅಲ್ಲೇ ಕೂತು ಇನ್ನಷ್ಟು ಗರಿಕೆ ಕಿತ್ತು ಕೊಟ್ಟಳಂತೆ.

ಬೂದನನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಅವಳು ಹೇಳಿದ್ದು ಇದು: “ಅತ್ತೆ, ನನ್ನ ಮೊಲ ನನ್ನ ಮೊಲ ಅಂತ ಇದ್ದೆ. ಅಲ್ಲಿ ನೋಡಿದ್ರೆ ಯಾರ ಮೊಲಾನೂ ಅಲ್ಲದವೇ ಎಷ್ಟಿವೆ! ಅವಕ್ಕೆ ಹಾಕಕ್ಕೆ ಮೇಡಂ ಹತ್ರ ಒಂದು ಹಿಡಿ ಸೊಪ್ಪಿಲ್ಲ. ನಾನು ದಿನಾ ಮೂಟೆಗಟ್ಲೆ ಚರಂಡಿಗೆ ಹಾಕ್ತೀನಿ.”

ಕ್ಯಾಂಟೀನಿನಲ್ಲಿ ಮೂಲಂಗಿ ಹೆಚ್ಚಿದರೆ ಸೊಪ್ಪು ಕಸ, ಕ್ಯಾರೆಟ್ಟಿನ ತುದಿ ಕಸ, ಕೊತ್ತಂಬರಿ ಕಡ್ಡಿ ಕಸ. ಅವಳು ಅದನ್ನೆಲ್ಲ ಬೇರೆ ತೆಗೆದಿಡತೊಡಗಿದಳು. ಈರುಳ್ಳಿ ಸಿಪ್ಪೆ ಸೇರಬಾರದು, ಆಲೂಗಡ್ಡೆ ಸಿಪ್ಪೆ ಸೇರಬಾರದು, ಎಲೆಕೋಸು ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಸಾಯುತ್ತವೆ. ನಾವು ಮಕ್ಕಳಿಗೆ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು. ಸಂಜೆ ಮೂಟೆ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರನ ರಗಳೆ.

“ಅಕ್ಕ, ಇದಕ್ಕೆ ಲಗೇಜು ಹಾಕ್ಬೇಕಾಗತ್ತೆ.”

“ಸೊಪ್ಪಿಗೆ ಲಗೇಜಾ? ಹಂಗಾದ್ರೆ ನಿನ್ನ ಹೊಟ್ಟೆಗೆ ಮೊದ್ಲು ಹಾಕು, ಅದು ನನ್ನ ಮೂಟೆಗಿಂತ ಜಾಗ ಹಿಡ್ದಿದೆ.”

ಬಸ್ಸಿನವರೆಲ್ಲ ನಕ್ಕರಂತೆ. ಆಮೇಲೆ ಅವನೇ ಮೂಟೆ ಎತ್ತಿ ಇಡಲು ಶುರುಮಾಡಿದ.

ಅವಳು ಒಬ್ಬಳೇ ಮಾಡಿ ಸುಮ್ಮನಾಗುವವಳಲ್ಲ. ಕ್ಯಾಂಟೀನಿನ ಹೆಂಗಸರಿಂದ ಹಳೆಯ ಸೀರೆ, ಗೋಣಿಚೀಲ ತರಿಸಿದಳು, ನಾಯಿಗಳಿಗೆ ಹಾಸಲು. ಕಾರ್ಖಾನೆಯ ಫಿಟ್ಟರುಗಳನ್ನು ಕಾಡಿ, ಮಿಕ್ಕ ಜಾಲರಿಯಲ್ಲಿ ಗೂಡು ಮಾಡಿಸಿದಳು. ಭಾನುವಾರ ಶೆಡ್ಡು ಗುಡಿಸಲು ಹೋಗುತ್ತಿದ್ದಳು. ಕುರುಡು ಕರುವಿನ ಕಣ್ಣು ತೊಳೆಯುತ್ತಿದ್ದಳು. ಮೊಲದ ಮೇಲಿನ ಮೋಹ ಕರುವಿಗೂ ಹದ್ದಿಗೂ ಹೇಗೆ ಹಬ್ಬಿತು ಅಂತ ಕೇಳಿದರೆ, “ಹಸಿವು ಎಲ್ಲಕ್ಕೂ ಒಂದೇ ಅಲ್ವಾ ಅತ್ತೆ,” ಅನ್ನುತ್ತಿದ್ದಳು.

ಆದರೆ ಸಂಕ್ರಾಂತಿ ವರ್ಷ ವರ್ಷವೂ ಬರುತ್ತಿತ್ತು. ತಮಟೆ ನಿಂತು ಜನ ಚದುರಿದ ಮೇಲೆ ಅವಳು ಬುಟ್ಟಿ ಹಿಡಿದು ಕೆರೆ ಅಂಗಳ ಹುಡುಕುವಳು. ಒಂದು ವರ್ಷ ಸಿಕ್ಕಿತು. ಇನ್ನೊಂದು ವರ್ಷ ಸಿಕ್ಕಿತು, ಆದರೆ ಹೆದರಿಕೆಗೇ ಎದೆ ಒಡೆದು ಅವಳ ಕೈಯಲ್ಲಿ ಸತ್ತಿತು. ಆಮೇಲಿನ ವರ್ಷ ತುಪ್ಪಳ ಮಾತ್ರ ಸಿಕ್ಕಿತು.

“ಬಿದ್ದದ್ದನ್ನ ಹೆಕ್ಕೋದೇ ಆಯ್ತಲ್ಲ ಶಶಿ. ಬೀಳದ ಹಾಗೆ ತಡೆಯೋರು ಯಾರು?” ಅಂದರು ಸೀತಾ ಮೇಡಂ. ಆ ಮಾತು ಅವಳಿಗೆ ನಾಟಿತು.

ಈ ಸಲ ಹಬ್ಬಕ್ಕೆ ಮೊದಲೇ ದೊಡ್ಡಪ್ಪನ ಮನೆಗೆ ಹೋಗಿ ಕೈ ಮುಗಿದಳು. ಮೊಲಕ್ಕೆ ಪೂಜೆ ಮಾಡಿ, ಮೆರವಣಿಗೆ ಮಾಡಿ, ಬಿಡುವಾಗ ಮಾತ್ರ ನನ್ನ ಕೈಗೆ ಬಿಡಿ, ಶೆಡ್ಡಿಗೆ ಕೊಟ್ಟುಬರುತ್ತೇನೆ ಅಂದಳು. ನರಸಿಂಹಯ್ಯನ ಮಗ ಲೋಕೇಶ ಸೋಫಾದಲ್ಲಿ ಕೂತು ಫೋನು ಒತ್ತುತ್ತಿದ್ದ.

“ಈ ಸಲ ಮೂರು ಬಿಡ್ತಾ ಇದೀವಿ ಕಣಕ್ಕ. ಊರಿನ ಮೂರು ವಂಶಕ್ಕೆ ಮೂರು. ಡ್ರೋನಲ್ಲಿ ವೀಡಿಯೋ. ಸಕ್ಕತ್ತಾಗಿರತ್ತೆ.”

“ಮೂರೂ ಸಾಯ್ತವೆ ಕಣೋ ಲೋಕೇಶ.”

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲಾ?”

“ನಾಲ್ಕೇ ಕಾಲು. ಆ ನಾಲ್ಕೂ ನಾಯಿ ಬಾಯಿಗೆ ಹೋಗೋದು ಬೇಡ ಅಂತ ಹೇಳ್ತಿರೋದು.”

ನರಸಿಂಹಯ್ಯ ಎದ್ದು ನಿಂತ. “ನೋಡಮ್ಮಿ, ದೇವ್ರ ಮೊಲ ಮುಟ್ದೋರ್ಗೆ ಗುಡೀಲಿ ಪಾಲಿಲ್ಲ. ಇದು ಇಂದ್ಲಿಂದ ಬಂದಿರೋ ಕಟ್ಲೆ. ಬೈರನ್ ದೀಪ ನಿನ್ ಕೈಲೈತೆ. ಅದ ಗೆಪ್ತಿ ಮಡಿಕ್ಕೊಂಡು ಮಾತಾಡು.”

ಕಿತ್ತುಕೊಳ್ಳಲು ಅವಳ ಹತ್ತಿರ ಇದ್ದದ್ದು ಅದೊಂದೇ. ಅದನ್ನೇ ಹುಡುಕಿ ಕೈ ಹಾಕಿದ, ದೊಡ್ಡ ಮನುಷ್ಯ.

ಸಂಕ್ರಾಂತಿ ಬಂತು. ಗಡಿಕಲ್ಲಿನ ಸುತ್ತ ಜನ. ಹೊಸ ಲೇಔಟಿನವರು ಕೂಡ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಪಂಜರದಲ್ಲಿ ಮೂರು ಬಿಳಿ ಮೊಲ, ಹಸಿ ಕಿವಿಯಲ್ಲಿ ಓಲೆ. ಶಶಿಕಲಾ ಖಾಲಿ ಬುಟ್ಟಿ ಹಿಡಿದು ಕಲ್ಲಿನ ಆಚೆ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ನಮ್ಮ ಬೆನ್ನ ಹಿಂದೆ ಕೆರೆ ಅಂಗಳ. ತಮಟೆ ಸದ್ದಿಗೆ ನಾಯಿಗಳು ಆಗಲೇ ಎದ್ದು ನಿಂತು ನೋಡುತ್ತಿದ್ದವು. ವರ್ಷ ವರ್ಷದ ಅಭ್ಯಾಸ, ಅವಕ್ಕೂ ಹಬ್ಬ ತಿಳಿದಿತ್ತು.

ನರಸಿಂಹಯ್ಯ ಮೊದಲ ಮೊಲವನ್ನು ಕಿವಿ ಹಿಡಿದೇ ಎತ್ತಿ ನೆಲಕ್ಕಿಟ್ಟ. ಜನ “ಹೋ” ಅಂದರು. ಮೊಲ ಓಡಲಿಲ್ಲ. ಅವನ ಕಾಲಿನ ಹತ್ತಿರವೇ ಹೊಟ್ಟೆಯನ್ನು ನೆಲಕ್ಕೊತ್ತಿ ಕೂತುಬಿಟ್ಟಿತು. ಮನುಷ್ಯರ ಕೈಯಲ್ಲೇ ಬೆಳೆದದ್ದು, ಮನುಷ್ಯರನ್ನು ಬಿಟ್ಟು ಎಲ್ಲಿಗೆ ಓಡಬೇಕು?

“ಓಡ್ತಿಲ್ವಲ್ಲ ಗುರು,” ಅಂತ ಯಾರೋ ನಕ್ಕರು. ಡ್ರೋನು ತಲೆಯ ಮೇಲೆ ಗುಂಯ್ ಅನ್ನುತ್ತಿತ್ತು. ನರಸಿಂಹಯ್ಯನಿಗೆ ಅವಮಾನವಾಯಿತು. “ಜೋರಾಗ್ ಬಡೀರ್ಲಾ!” ಅಂದ. ತಮಟೆ ಹತ್ತಿರ ಬಂತು. ಮೊಲದ ಪಕ್ಕೆಗಳು ಪಟಪಟ ಹೊಡೆದುಕೊಳ್ಳುವುದು ನನಗೆ ನಿಂತಲ್ಲಿಗೆ ಕಾಣುತ್ತಿತ್ತು. ಅವನು ಕೋಲು ತೆಗೆದುಕೊಂಡು ಅದರ ಬೆನ್ನಿಗೆ ತಿವಿದ. ಒಂದು ಸಲ. ಇನ್ನೊಂದು ಸಲ. ಮೊಲಕ್ಕೆ ಕೂಗಿಲ್ಲ ಅಂದಿದ್ದೆನಲ್ಲ, ತಪ್ಪು. ಪ್ರಾಣಕ್ಕೆ ಬಂದಾಗ ಅದು ಕೂಗುತ್ತದೆ, ಎಳೆ ಕೂಸಿನ ಹಾಗೆ. ಅಂದು ಕೂಗಿತು.

ಶಶಿಕಲಾ ಕಲ್ಲು ದಾಟಿದಳು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ ಕೊಟ್ಟು ಮೊಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ತಮಟೆ ನಿಂತಿತು.

“ಮುಟ್ಟುದ್ಯಾ? ದೇವ್ರದ್ನ ಮುಟ್ಟುದ್ಯಾ?”

“ದೇವ್ರಿಗೆ ಕೋಲಲ್ಲಿ ಚುಚ್ಚಿದೋರು ಯಾರು ದೊಡ್ಡಪ್ಪ? ಕೆಳಗಿಡಿ ಮೊದ್ಲು ಅದನ್ನ.”

ಕೋಲು ಅವನ ಕೈಯಲ್ಲೇ ಇತ್ತು. ಎತ್ತುವುದೋ ಬಿಡುವುದೋ ತಿಳಿಯದೆ ನಿಂತ. ಅವಳು ಮೊಲವನ್ನು ಬುಟ್ಟಿಗೆ ಹಾಕಿ ಪಂಜರದ ಕಡೆ ಹೋದಳು. ಲೋಕೇಶ ಪಂಜರವನ್ನು ಎದೆಗೆ ಅವಚಿಕೊಂಡ. ನಾನು ಹೋಗಿ ಇನ್ನೊಂದು ಬದಿ ಹಿಡಿದೆ. “ಬಿಡಪ್ಪ,” ಅಂದೆ. “ಬಿಡಿ ಚನ್ನಕ್ಕಜ್ಜಿ, ನಿಮಗ್ಯಾಕೆ ಇದು,” ಅಂದ. “ಬಿಡು,” ಅಂದೆ. ಮುದುಕಿಯ ಬೆರಳು ಬಿಡಿಸುವುದನ್ನು ಡ್ರೋನು ಹಿಡಿಯುತ್ತದೆ ಅಂತ ಅವನಿಗೆ ನೆನಪಾಯಿತೋ ಏನೋ, ಬಿಟ್ಟ.

ಮೂರೂ ಮೊಲಗಳನ್ನು ಹೊತ್ತು ನಾವಿಬ್ಬರೂ ಹಳಿ ದಾಟಿ ಶೆಡ್ಡಿಗೆ ನಡೆದೆವು. ಹಿಂದಿನಿಂದ ಬೈಗುಳ ಬರುತ್ತಿತ್ತು. ಗಂಡ ಬಿಟ್ಟವಳು ಅಂದರು. ಊರಿಗೆ ಕೇಡು ಅಂದರು. ಒಬ್ಬರೂ ಮೊಲ ಕೂಗಿದ್ದನ್ನು ಮಾತಾಡಲಿಲ್ಲ. ಮಗುವನ್ನು ಹೆಗಲ ಮೇಲೆ ಹೊತ್ತಿದ್ದ ಲೇಔಟಿನವನೊಬ್ಬ ಮಾತ್ರ ಮಗುವಿನ ಕಣ್ಣು ಮುಚ್ಚಿದ್ದ. ತನ್ನ ಬಾಯನ್ನೂ ಮುಚ್ಚಿಕೊಂಡೇ ಇದ್ದ, ಹೇಡಿ.

ಆ ವಾರವೇ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದರು. ತಪ್ಪಾಯಿತು ಅಂತ ದೇವರ ಮುಂದೆ ಕಾಯಿ ಒಡೆದು, ಇನ್ನು ಅಡ್ಡ ಬರುವುದಿಲ್ಲ ಎಂದು ಮಾತು ಕೊಟ್ಟರೆ ದೀಪದ ಸರದಿ ಅವಳದೇ. ಇಲ್ಲವಾದರೆ ಅದು ಲೋಕೇಶನಿಗೆ. ಕಾಯಿಯನ್ನು ಅವರೇ ತಂದಿಟ್ಟಿದ್ದರು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಒಡೆದುಬಿಡುತ್ತಾಳೆ ಅಂತಲೇ ನಾನು ಅಂದುಕೊಂಡೆ. ಒಡೆದಿದ್ದರೂ ನಾನು ಅವಳನ್ನು ಬೈಯುತ್ತಿರಲಿಲ್ಲ.

“ದೀಪ ನಂಗೆ ಬೇಕು,” ಅಂದಳು. “ನಮ್ಮಪ್ಪನ ದೀಪ ಅದು. ಆದ್ರೆ ಬಾಯಿಲ್ಲದ್ದನ್ನ ನಾಯಿಗೆ ಬಿಟ್ಟು, ಅದೇ ಕೈಲಿ ಬಂದು ದೀಪ ಹಚ್ಚಲ್ಲ. ನೀವು ಹಚ್ಕೊಳಿ.”

“ಬರೋ ವರ್ಷ ಹತ್ತು ಬಿಡ್ತೀವಿ,” ಅಂದ ಲೋಕೇಶ.

“ಹತ್ತೂ ಎತ್ಕೊತೀನಿ.”

ನಾನು ಎದ್ದು ನಿಂತೆ. “ನರಸಿಂಹಯ್ಯ, ನಿನ್ನ ತಮ್ಮ ಇದ್ದಿದ್ರೆ ಆ ಕೋಲು ನಿನ್ನ ಬೆನ್ನಿಗೆ ಬೀಳೋದು,” ಅಂದೆ. ಅವನು ಮುಖ ಆಚೆ ತಿರುಗಿಸಿದ. ಹೆಂಗಸರಲ್ಲಿ ಯಾರೋ ಕೆಮ್ಮಿದರು. ಅದು ನಗುವೋ ಕೆಮ್ಮೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಅವಳು ಅಂದು ತಂದಿದ್ದ ಮೂಟೆ ಬಿಚ್ಚಿ ಸೊಪ್ಪು ಸೋಸಲು ಕೂತಳು. ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮೂಗು ಕೆಂಪಾಗಿ ಕಣ್ಣೀರು ಇಳಿಯುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ, ಮೂಲಂಗಿ ಸೊಪ್ಪಿನ ಕೊಳೆತ ಎಲೆ ಒಂದನ್ನೂ ಬಿಡದೆ ಕಿತ್ತು ಬಿಸಾಡುತ್ತಿತ್ತು.

“ಅಳ್ಬೇಡ ಕಣೇ,” ಅಂದೆ.

“ಅಳ್ತಿಲ್ಲ ಅತ್ತೆ. ಒಳಗೊಳಗೇ ಬೈತಾ ಇದೀನಿ.”

“ಒಳಗ್ಯಾಕೆ? ಜೋರಾಗಿ ಬೈಯಿ, ನಾನೂ ಸೇರ್ಕೊತೀನಿ.”

ಬೈದಳು. ನಾನೂ ಬೈದೆ. ಪಕ್ಕದ ವಠಾರದವರು ಕಿಟಕಿ ತೆರೆದು ನೋಡಿದರು. ನೋಡಲಿ ಅಂತ ಇನ್ನೂ ಗಟ್ಟಿಯಾಗಿ ಬೈದೆವು. ಆಮೇಲೆ ಅವಳು ಮುಖ ತೊಳೆದು, ಸೋಸಿದ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹೊತ್ತಾಗುತ್ತಿದೆ ಅಂತ ಶೆಡ್ಡಿನ ಕಡೆ ಹೊರಟಳು.